ಸರಾಸರಿಯ ಕಡೆಗೆ

ಅಥಣಿ ರಸ್ತೆ, ವಿಜಯಪುರ
14 ಜುಲೈ 2025

ಅಪ್ಪಾ,

ಮೊನ್ನೆ ಫೋನಿನಲ್ಲಿ ಮೂರು ಸಲ ಹೇಳಿದರೂ ನಿಮಗೆ ಕೇಳಿಸಲಿಲ್ಲ. ನಾಲ್ಕನೆಯ ಸಲಕ್ಕೆ ಅವ್ವ ಫೋನು ಇಸಿದುಕೊಂಡು, "ಏನ ಹೇಳೂದೈತಿ ಕಾಗದ ಬರದ ಕಳಸ ಬೇ, ಕುಂತ ಓದತಾರ" ಎಂದಳು. ಅದಕ್ಕೆ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವುದರ ಜೊತೆಗೆ ಇನ್ನೊಂದು ಕೆಲಸ ಒಪ್ಪಿಕೊಂಡಿದ್ದೇನೆ. ಪುಣೆಯಲ್ಲಿ ಮಹಿಳಾ ಹಾಕಿ ಲೀಗಿನ ಒಂದು ತಂಡವಿದೆ. ಈ ವರ್ಷ ಅವರ ಹತ್ತೊಂಬತ್ತು ಆಟಗಾರ್ತಿಯರ ಒಪ್ಪಂದ ಮುಗಿಯುತ್ತದೆ. ಯಾರನ್ನು ಉಳಿಸಿಕೊಳ್ಳಬೇಕು, ಯಾರಿಗೆ ಎಷ್ಟು ಕೊಟ್ಟರೆ ಸರಿ ಎಂದು ಆಟದ ಅಂಕಿಅಂಶ ನೋಡಿ ನಾನು ವರದಿ ಕೊಡಬೇಕು. ತಂಡದ ಮ್ಯಾನೇಜರು ಇರ್ಫಾನ ಎಂದು, ಸೊಲ್ಲಾಪುರದವರು, ನಮ್ಮ ಹಾಗೆಯೇ ಕನ್ನಡ ಮಾತಾಡುತ್ತಾರೆ. ಪಂದ್ಯಗಳ ವಿಡಿಯೊ ಎಲ್ಲ ಕಳಿಸಿದ್ದಾರೆ. ಕೆಲಸ ಮನೆಯಲ್ಲೇ ಕೂತು ಮಾಡುವಂಥದ್ದು.

ಆ ಹತ್ತೊಂಬತ್ತು ಜನರಲ್ಲಿ ದಾನೇಶ್ವರಿಯ ಹೆಸರೂ ಇದೆ. ನಿಮ್ಮ ಮೈದಾನದಲ್ಲಿ ಒಂಬತ್ತು ವರ್ಷ ಹಾಕಿ ಕಲಿತವಳು. ಆದ್ದರಿಂದ ಒಂದು ವಿನಂತಿ. ಈ ಕೆಲಸ ಮುಗಿಯುವ ತನಕ ಅವಳ ಬಗ್ಗೆ ನನಗೆ ಏನೂ ಬರೆಯಬೇಡಿ. ಒಳ್ಳೆಯದೂ ಬೇಡ, ಕೆಟ್ಟದ್ದೂ ಬೇಡ. ಅವಳು ನನ್ನ ತಂದೆಯ ಶಿಷ್ಯೆ ಎಂದು ಪುಣೆಯವರಿಗೆ ಹೇಳಿಲ್ಲ. ಹೇಳುವ ಅಗತ್ಯ ಕಾಣಲಿಲ್ಲ. ಯಾರು ಯಾರ ಶಿಷ್ಯೆ ಎಂಬುದು ಅಂಕಿಗಳಿಗೆ ಗೊತ್ತಿರುವುದಿಲ್ಲ.

ಅವ್ವನ ಮಂಡಿಗೆ ಎಣ್ಣೆ ಕಳಿಸಿದ್ದೇನೆ.

ನಿಮ್ಮ ಮಗಳು,
ನಂದಾ


ತಿಕೋಟಾ
22 ಜುಲೈ 2025

ಚಿ. ನಂದಾಗೆ,

ಕಾಗದ ಶನಿವಾರ ಮುಟ್ಟಿತು. ಎಣ್ಣೆಯೂ ಮುಟ್ಟಿತು. ನಿನ್ನ ಅವ್ವ ಹಚ್ಚಿಕೊಂಡು, ಹೋದ ಸಲದ್ದೇ ಚಲೋ ಇತ್ತು ಎಂದಳು.

ನೀನು ಹೇಳಿದಂತೆ ಆ ಹುಡುಗಿಯ ವಿಷಯ ಬರೆಯುವುದಿಲ್ಲ. ಆಕೆ ಈಗ ಊರಲ್ಲಿದ್ದಾಳೆ, ದಿನಾ ಬೆಳಿಗ್ಗೆ ಮೈದಾನಕ್ಕೆ ಬರುತ್ತಾಳೆ ಎಂದು ಬರೆಯುವುದೂ ತಪ್ಪೇ ಇರಬೇಕು. ಆ ಸಾಲನ್ನು ಓದಲಿಲ್ಲ ಎಂದು ತಿಳಿದುಕೋ.

ನನ್ನದೊಂದು ಸಂಶಯ. ನಾನು ಮೂವತ್ತನಾಲ್ಕು ವರ್ಷ ದೈಹಿಕ ಶಿಕ್ಷಕನಾಗಿದ್ದೆ. ಚೆಂಡು ಹಳ್ಳಕ್ಕೆ ಬಿದ್ದಾಗ ಅದನ್ನು ತರಲು ಯಾರು ಹೇಗೆ ಓಡುತ್ತಾರೆ ಎಂದು ನೋಡಿಯೇ ಅರ್ಧ ತೀರ್ಮಾನಕ್ಕೆ ಬರುತ್ತಿದ್ದೆ. ನಮ್ಮ ಗರಸುಗಲ್ಲಿನ ಮೈದಾನದಲ್ಲಿ ಚೆಂಡು ಎಲ್ಲಿ ಪುಟಿಯುತ್ತದೋ ದೇವರಿಗೇ ಗೊತ್ತು. ಅದನ್ನು ನಿಲ್ಲಿಸಬಲ್ಲವಳು ಎಲ್ಲಾದರೂ ಆಡುತ್ತಾಳೆ ಎಂಬುದು ನನ್ನ ಲೆಕ್ಕ. ನೀನು ಮನೆಯಲ್ಲಿ ಕೂತು ಹೇಗೆ ಬೆಲೆ ಕಟ್ಟುತ್ತೀ? ಗೋಲು ಎಣಿಸಿಯೋ? ಹಾಗಾದರೆ ಹಿಂದೆ ನಿಂತು ಕಾಯುವವರು ಉಪವಾಸ ಇರಬೇಕಾಗುತ್ತದೆ.

ಬರೆದರೆ ಓದುತ್ತೇನೆ. ಹೊತ್ತು ಬೇಕಾದಷ್ಟಿದೆ.

ಇಂತಿ ಆಶೀರ್ವಾದ,
ಬಸಗೊಂಡಪ್ಪ


ವಿಜಯಪುರ
3 ಆಗಸ್ಟ್ 2025

ಅಪ್ಪಾ,

ಗೋಲು ಎಣಿಸುವುದಿಲ್ಲ. ಎಣಿಸಿದರೂ ಅದಕ್ಕೆ ಹೆಚ್ಚು ತೂಕವಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಎಡಗಡೆ ಕಾಯುವ ಒಬ್ಬ ಆಟಗಾರ್ತಿ ಇದ್ದಾಳೆ ಎಂದುಕೊಳ್ಳಿ. ಅವಳು ಮೈದಾನದಲ್ಲಿದ್ದಾಗ ಆ ಕಡೆಯಿಂದ ಎದುರಾಳಿಗಳು ಗೋಲಿನ ಮುಂದಿನ ಡಿ ಒಳಗೆ ಎಷ್ಟು ಸಲ ನುಗ್ಗಿದರು? ಅವಳು ಹೊರಗೆ ಕೂತಾಗ ಎಷ್ಟು ಸಲ? ಈಗಿನ ಹಾಕಿಯಲ್ಲಿ ಆಟಗಾರರು ಕೆಲವೇ ನಿಮಿಷಕ್ಕೊಮ್ಮೆ ಒಳಗೆ ಹೊರಗೆ ಆಗುತ್ತಿರುತ್ತಾರೆ. ಹೀಗಾಗಿ ಎರಡನ್ನೂ ಎಣಿಸಲು ಬರುತ್ತದೆ. ಆ ವ್ಯತ್ಯಾಸವೇ ಅವಳ ಕೆಲಸ. ಜೊತೆಗೆ ಯಾರು ಆಡಿದರು, ಎದುರಿಗೆ ಯಾರಿದ್ದರು ಎಂಬುದನ್ನು ಬೇರೆಯಾಗಿ ಕಳೆಯಬೇಕು. ಆಮೇಲೆ ಹೋದ ವರ್ಷ ಲೀಗಿನ ತಂಡಗಳೆಲ್ಲ ಕೊಟ್ಟ ಹಣವನ್ನು ಈ ಅಂಕಿಗಳ ಪಕ್ಕ ಇಟ್ಟು ನೋಡಿದರೆ, ಅಂಥ ಕೆಲಸಕ್ಕೆ ಎಷ್ಟು ದರ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ.

ಕೊನೆಗೆ ಇನ್ನೊಂದು ಹೆಜ್ಜೆ ಇದೆ. ಇದು ಮುಖ್ಯವಾದದ್ದು. ನಿಮ್ಮ ಶಾಲೆಗೆ ಹೊಸ ಹುಡುಗಿಯೊಬ್ಬಳು ಬಂದು ಮೊದಲ ಪಂದ್ಯದಲ್ಲೇ ನಾಲ್ಕು ಗೋಲು ಹೊಡೆದಳು ಎನ್ನಿ. ಪ್ರತಿ ಪಂದ್ಯಕ್ಕೂ ನಾಲ್ಕು ಹೊಡೆಯುತ್ತಾಳೆ ಎಂದು ನೀವು ನಂಬುವುದಿಲ್ಲ. ಪಂದ್ಯಗಳು ಕಡಿಮೆಯಿದ್ದಷ್ಟೂ ಅದರಲ್ಲಿ ಅದೃಷ್ಟದ ಪಾಲು ಹೆಚ್ಚು. ಆದ್ದರಿಂದ ಬಂದ ಅಂಕಿಯನ್ನು ಲೀಗಿನ ಸರಾಸರಿಯ ಕಡೆಗೆ ಸ್ವಲ್ಪ ಎಳೆಯಬೇಕು. ಎಷ್ಟು ಪಂದ್ಯಕ್ಕೆ ಎಷ್ಟು ಎಳೆಯಬೇಕು ಎಂಬುದಕ್ಕೆ ನಿಯಮವಿದೆ. ಆಟಗಾರ್ತಿಯ ಮುಖ ನೋಡಿ ಎಳೆಯುವುದಲ್ಲ.

ನೀವು ಕಣ್ಣಿನಿಂದ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಇರಬಹುದು. ಆದರೆ ನಿಮ್ಮ ತೀರ್ಮಾನ ತಪ್ಪಾದರೆ ಎಲ್ಲಿ ತಪ್ಪಿತು ಎಂದು ಹುಡುಕಲು ಬರುವುದಿಲ್ಲ. ನನ್ನದರಲ್ಲಿ ಬರುತ್ತದೆ. ನಾನು ಈ ಶಾಸ್ತ್ರ ಓದಿದ್ದೇ ಅದಕ್ಕೆ.

ನಂದಾ


ತಿಕೋಟಾ
19 ಸೆಪ್ಟೆಂಬರ್ 2025

ಚಿ. ನಂದಾಗೆ,

ನಿನ್ನ ವರದಿ ಪುಣೆಗೆ ಹೋಗಿ, ಅಲ್ಲಿಂದ ಒಪ್ಪಂದದ ಕಾಗದ ಇಲ್ಲಿಗೆ ಬಂದಿದೆ. ನಿನ್ನ ಕೆಲಸ ಮುಗಿಯಿತು ಎಂದುಕೊಂಡು ಬರೆಯುತ್ತಿದ್ದೇನೆ. ಇದು ತಪ್ಪಾದರೆ ಹರಿದು ಹಾಕು.

ದಾನೇಶ್ವರಿ ಮೊನ್ನೆ ಕಾಗದ ಹಿಡಿದುಕೊಂಡು ಮೈದಾನಕ್ಕೇ ಬಂದಳು. ವರ್ಷಕ್ಕೆ ಏಳು ಲಕ್ಷ, ಮೂರು ವರ್ಷಕ್ಕೆ. ಅವಳಪ್ಪ ದ್ರಾಕ್ಷಿ ಶೆಡ್ಡಿನಲ್ಲಿ ಕೂಲಿ ಮಾಡುವವ. "ಮಾಸ್ತರ, ಸಹಿ ಮಾಡಲ್ಯಾ? ನಮ್ಮಪ್ಪ ಇಷ್ಟು ರೊಕ್ಕ ಒಮ್ಮಿಗೇ ಕೇಳೇ ಇಲ್ರಿ" ಎಂದಳು. ಎರಡು ದಿನ ತಡಿ ಎಂದೆ.

ಕಾಗದದ ಜೊತೆ ಆಟಗಾರ್ತಿಗೆ ತಿಳಿಯಲೆಂದು ಒಂದು ಹಾಳೆ ಇಟ್ಟಿದ್ದಾರೆ. ಅದರಲ್ಲಿ ಹೀಗಿದೆ. ಪಂದ್ಯ ಇಪ್ಪತ್ತೆರಡು. ಆಟದಿಂದ ಬಂದ ಬೆಲೆ ಹನ್ನೊಂದು ಲಕ್ಷ. ಲೀಗಿನ ಸರಾಸರಿ ಐದು ಲಕ್ಷ. ಹೊಂದಾಣಿಕೆಯ ನಂತರ ಏಳು. ನೀನು ಆಗಸ್ಟಿನಲ್ಲಿ ತಿಳಿಸಿ ಹೇಳಿದ್ದರಿಂದ ನನಗೆ ಇದು ಓದಲು ಬಂತು. ಹನ್ನೊಂದಕ್ಕೂ ಐದಕ್ಕೂ ಆರರ ಅಂತರ. ಅದರಲ್ಲಿ ನಾಲ್ಕು ಎಳೆದಿದ್ದೀ. ಅಂದರೆ ಮೂರರಲ್ಲಿ ಎರಡು ಪಾಲು.

ಇರಲಿ, ಅದೇ ನಿಯಮ ಇರಬೇಕು ಎಂದುಕೊಂಡೆ. ಆದರೆ ಅವಳ ಕೋಣೆಯಲ್ಲಿ ಇರುತ್ತಿದ್ದ ಜಾರ್ಖಂಡದ ಹುಡುಗಿಯೊಬ್ಬಳು ತನ್ನ ಹಾಳೆಯ ಫೋಟೊ ಇವಳಿಗೆ ಕಳಿಸಿದ್ದಾಳೆ. ಅವಳೂ ದಾನೇಶ್ವರಿಯ ಹಾಗೆ ಬಲಗಡೆ ಕಾಯುವವಳು. ಪಂದ್ಯ ಇಪ್ಪತ್ತೆರಡೇ. ಆಟದಿಂದ ಬಂದದ್ದು ಎಂಟು, ಸರಾಸರಿ ಐದು, ಕೊನೆಗೆ ಏಳು. ಮೂರರಲ್ಲಿ ಒಂದು ಪಾಲು ಮಾತ್ರ ಎಳೆದಿದ್ದೀ.

ಪಂದ್ಯ ಅಷ್ಟೇ ಇದ್ದರೆ ಎಳೆತವೂ ಅಷ್ಟೇ ಇರಬೇಕಲ್ಲ? ನನಗೆ ತಿಳಿಯದ ಕಾರಣ ಇದ್ದರೆ ತಿಳಿಸು.

ಇಂತಿ ಆಶೀರ್ವಾದ,
ಬಸಗೊಂಡಪ್ಪ


ವಿಜಯಪುರ
24 ಸೆಪ್ಟೆಂಬರ್ 2025

ಅಪ್ಪಾ,

ವರದಿಯ ವಿವರಗಳನ್ನು ಹೊರಗಿನವರೊಂದಿಗೆ ಚರ್ಚಿಸಬಾರದು ಎಂದು ನಾನು ಬರೆದುಕೊಟ್ಟಿದ್ದೇನೆ. ದಾನೇಶ್ವರಿ ತನಗೆ ತಿಳಿದಂತೆ ಮಾಡಲಿ. ನೀವು ಈ ವಿಷಯ ಕೇಳಬಾರದಿತ್ತು.

ನಂದಾ


ತಿಕೋಟಾ
12 ಅಕ್ಟೋಬರ್ 2025

ನಂದಾ,

ನಿನ್ನ ಮೂರು ಸಾಲು ಮುಟ್ಟಿದವು. ದಾನೇಶ್ವರಿ ಇನ್ನೂ ಸಹಿ ಹಾಕಿಲ್ಲ. ಮತ್ತೆ ಕೇಳುವುದಿಲ್ಲ. ಆದರೆ ನಾನು ಯಾಕೆ ಕೇಳಿದೆ ಎಂದು ಹೇಳಬೇಕಾಗಿದೆ. ಬರೆಯಲು ಕೂತು ಎದ್ದು ಎಂಟು ದಿನವಾಯಿತು. ನಿನ್ನ ಅವ್ವನಿಗೂ ಇದು ಗೊತ್ತಿಲ್ಲ.

2000ನೇ ಇಸವಿಯ ನವೆಂಬರ್. ನಿನಗೆ ಹದಿನಾರು ವರ್ಷ. ರಾಜ್ಯದ ಜೂನಿಯರ್ ಶಿಬಿರಕ್ಕೆ ಜಿಲ್ಲೆಯಿಂದ ಒಬ್ಬ ಹುಡುಗಿಯನ್ನು ಕಳಿಸುವುದಿತ್ತು. ಎರಡು ದಿನ ಆಡಿಸಿ ನೋಡಿದೆವು. ಕೊನೆಗೆ ಉಳಿದವರು ನೀನು ಮತ್ತು ಬಬಲೇಶ್ವರದ ಪರಸವ್ವ. ಆಯ್ಕೆಗೆ ಕೂತವರು ನಾವು ಮೂವರು ಮಾಸ್ತರು. ಒಬ್ಬೊಬ್ಬರು ನೂರಕ್ಕೆ ಅಂಕ ಹಾಕಿ ಮೂರನ್ನೂ ಕೂಡಿಸುವುದು. ಉಳಿದಿಬ್ಬರೂ ನಿನಗೇ ಹೆಚ್ಚು ಹಾಕಿದ್ದರು. ನನ್ನ ಚೀಟಿಯಲ್ಲೂ ಮೊದಲು ನಿನಗೆ ಎಪ್ಪತ್ತೆಂಟು, ಅವಳಿಗೆ ಎಪ್ಪತ್ತೊಂದು ಇತ್ತು. ನಿನ್ನ ಎಪ್ಪತ್ತೆಂಟನ್ನು ಹೊಡೆದು ಐವತ್ತು ಎಂದು ಬರೆದೆ. ಕೂಡಿಸಿದಾಗ ಪರಸವ್ವ ಮುಂದೆ ಬಂದಳು.

ಪಕ್ಕದಲ್ಲಿ ಕೂತ ಮಾಸ್ತರು ನೋಡಿ, "ಏನ್ರಿ ಬಸಗೊಂಡಪ್ಪನವರ, ಮಗಳ ಮ್ಯಾಲೆ ಇಷ್ಟ ಸಿಟ್ಟು?" ಎಂದರು. "ನಾಳಿ ಮಂದಿ ಮಾತಾಡಬಾರದ್ರಿ" ಎಂದೆ. ಅವರು ನನ್ನ ಕೈ ಹಿಡಿದುಕೊಂಡು ಹೊಗಳಿದರು. ಅಲ್ಲಿಂದ ಜಿಲ್ಲೆಯ ತುಂಬ ನನ್ನ ಪ್ರಾಮಾಣಿಕತೆಯ ಮಾತಾಯಿತು. ಸ್ವಂತ ಮಗಳನ್ನೇ ಕೈಬಿಟ್ಟ ಮಾಸ್ತರ ಎಂದು. ನಿವೃತ್ತಿಯ ದಿನ ಸನ್ಮಾನ ಮಾಡಿದಾಗಲೂ ಅದನ್ನೇ ಹೇಳಿದರು. ನೀನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ಪರಸವ್ವನ ಮನೆಯ ಬಡತನ ನೋಡಿ ಹಾಗೆ ಮಾಡಿದೆ ಎಂದು ಈಗ ಹೇಳಿಕೊಂಡರೆ ಒಳ್ಳೆಯವನಾಗುತ್ತೇನೆ. ಅದು ಸುಳ್ಳು. ಆ ಹೊತ್ತಿನಲ್ಲಿ ಅವಳ ಮನೆಯ ನೆನಪು ನನಗಿರಲಿಲ್ಲ. ನೆನಪಿದ್ದದ್ದು ನನ್ನ ಹೆಸರು ಒಂದೇ.

ಸಂಜೆ ತಿರುಗಿ ಬರುವಾಗ ಬಸ್ಸಿನಲ್ಲಿ ನೀನು ಕಾರಣ ಕೇಳಿದೆ. "ನಿನ್ನ ಕಾಲಾಗ ಓಟ ಇಲ್ಲ ಬೇ" ಎಂದೆ. ಮರುದಿನದಿಂದ ನೀನು ಸ್ಟಿಕ್ಕು ಮುಟ್ಟಲಿಲ್ಲ. ಒಳ್ಳೆಯದೇ ಆಯಿತು, ಓದಿಗೆ ಹತ್ತಿದಳು ಎಂದು ಎಲ್ಲರಿಗೂ ಹೇಳಿದೆ.

ನಿನ್ನ ಕಾಲಲ್ಲಿ ಓಟವಿತ್ತು.

ನೀನು ಏನು ಮಾಡಿದ್ದೀ ಎಂದು ನನಗೆ ಗೊತ್ತಿಲ್ಲ. ನಾನು ಮಾಡಿದ್ದು ಗೊತ್ತಿದೆ. ಆ ಎರಡು ಹಾಳೆ ಪಕ್ಕಪಕ್ಕ ನೋಡಿದಾಗ ನನಗೆ ನನ್ನ ಚೀಟಿಯೇ ಕಂಡಿತು. ಅದಕ್ಕೆ ಕೇಳಿದೆ.

ಬಸಗೊಂಡಪ್ಪ


ವಿಜಯಪುರ
2 ನವೆಂಬರ್ 2025

ಅಪ್ಪಾ,

ಮೊದಲು ಕೆಲಸದ ವಿಷಯ.

ನಿಮ್ಮ ಕಾಗದ ಬಂದ ಮೇಲೆ ಹತ್ತೊಂಬತ್ತು ಜನರ ಲೆಕ್ಕವನ್ನೂ ಮೊದಲಿನಿಂದ ನೋಡಿದೆ. ಹದಿನೆಂಟು ಜನರದ್ದು ನಿಯಮದ ಪ್ರಕಾರವೇ ಇದೆ. ಒಬ್ಬಳದ್ದು ಮಾತ್ರ ಇಲ್ಲ. ನಿಯಮದ ಪ್ರಕಾರ ದಾನೇಶ್ವರಿಗೆ ಒಂಬತ್ತು ಲಕ್ಷ ಬರಬೇಕು.

ಗೊತ್ತಿಲ್ಲದೆ ಆಯಿತು ಎಂದು ಬರೆಯಬೇಕೆಂದಿದ್ದೆ. ಅದು ನಿಜವಲ್ಲ. ಅವತ್ತು ಒಂಬತ್ತು ಎಂದು ಬಂದಾಗ ನನಗೆ ಖುಷಿಯಾಯಿತು. ಖುಷಿಯಾದದ್ದಕ್ಕೇ ಹೆದರಿಕೆಯಾಯಿತು. ನಾಳೆ ಯಾರಾದರೂ ಇವಳು ನನ್ನ ತಂದೆಯ ಶಿಷ್ಯೆ ಎಂದು ಕಂಡುಹಿಡಿದರೆ, ನಾನು ಎತ್ತಿ ಹಿಡಿದೆ ಎನ್ನಬಾರದು ಎಂದುಕೊಂಡೆ. "ಇನ್ನೂ ಎಚ್ಚರಿಕೆ ಅಗತ್ಯ" ಎಂದು ಪಕ್ಕದಲ್ಲಿ ಒಂದು ಸಾಲು ಬರೆದು, ಎರಡು ಪಾಲು ಎಳೆದೆ. ಮೂರು ವರ್ಷಕ್ಕೆ ಅವಳಿಗೆ ಆರು ಲಕ್ಷದ ನಷ್ಟ. ಎಳೆಯುವಾಗ ನನಗೆ ತುಂಬ ನ್ಯಾಯವಾಗಿ ನಡೆದುಕೊಳ್ಳುತ್ತಿದ್ದೇನೆ ಎಂಬ ಭಾವನೆಯಿತ್ತು. ನಿಮಗೂ ಇದ್ದಿರಬೇಕು.

ಇರ್ಫಾನ ಸಾಹೇಬರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು, "ಮೇಡಂ, ಪರಿಚಯದಾಕಿ ಅಂತ ಹೆಚ್ಚಿಗಿ ಬರದಿದ್ರ ನಾ ಸಿಟ್ಟಾಗತಿದ್ದೆ. ನೀವು ಕಡಿಮಿ ಬರದೀರಿ. ತಂಡಕ್ಕ ಲಾಭಾನ ಆತಲ್ರಿ" ಎಂದರು.

"ಲಾಭ ಆತು ಅಂದ್ರ ತಪ್ಪು ತಪ್ಪಲ್ಲ ಅನ್ನಾಕ ಬರೂದಿಲ್ರಿ" ಎಂದೆ.

"ಈಗ ನಾ ಏನ ಮಾಡಬೇಕಂತೀರಿ?"

"ಆಕಿ ಲೆಕ್ಕ ಬ್ಯಾರೇದವರ ಕಡೆ ಮಾಡಸ್ರಿ. ಆಕಿ ಸಹಿ ಇನ್ನೂ ಆಗಿಲ್ಲ. ನಾ ಬರದ ಸಂಖ್ಯಾ ತಗದ ಹಾಕ್ರಿ."

"ಹಂಗಾದ್ರ ನಿಮ್ಮ ಬಾಕಿ ಹದಿನೆಂಟೂ ನಾ ಹೆಂಗ ನಂಬಲಿ?"

ಅವೆಲ್ಲ ಸರಿಯಾಗಿವೆ ಎಂದೆ. ನಾನು ಹೇಳಿದೆ ಎಂದು ಅವರು ನಂಬಬೇಕಿಲ್ಲ. ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. ಪುಣೆಯಲ್ಲೇ ಬೇರೆಯವರ ಕಡೆಯಿಂದ ಎಲ್ಲ ಲೆಕ್ಕವನ್ನೂ ಮತ್ತೆ ಮಾಡಿಸುತ್ತಾರಂತೆ. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಮಾತಿನಲ್ಲಿ ಕಹಿ ಇರಲಿಲ್ಲ. "ನಿಮ್ಮ ವರದಿ ಚಂದ ಇತ್ರಿ" ಎಂದರು.

ಇನ್ನು ನಿಮ್ಮ ವಿಷಯ. ನಾನು ಅದನ್ನು ಎರಡು ಭಾಗವಾಗಿ ನೋಡುತ್ತಿದ್ದೇನೆ. ಆಯ್ಕೆ ಒಂದು ದಿನದ್ದು. ನೀವು ಹೆದರಿದಿರಿ, ಅಂಕ ಹೊಡೆದಿರಿ. ಅದು ನನಗೆ ಅರ್ಥವಾಗುತ್ತದೆ, ಈ ವರ್ಷ ಇನ್ನೂ ಹೆಚ್ಚು ಅರ್ಥವಾಗುತ್ತದೆ. ಆದರೆ ಬಸ್ಸಿನಲ್ಲಿ ಹೇಳಿದ ಮಾತನ್ನು ನೀವು ಯಾವ ದಿನ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಮರುದಿನ, ಮುಂದಿನ ವರ್ಷ, ನನ್ನ ಮದುವೆಯ ದಿನ. ಇಪ್ಪತ್ತೈದು ವರ್ಷದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ದಿನಗಳಿವೆ. ಗಾಂಧಿ ಚೌಕದಲ್ಲಿ ಬಸ್ಸು ಹೊರಟಾಗ ಎಲ್ಲರೂ ಓಡಿ ಹತ್ತುತ್ತಾರೆ. ನಾನು ಓಡುವುದಿಲ್ಲ, ಮುಂದಿನದಕ್ಕೆ ನಿಲ್ಲುತ್ತೇನೆ. ನನ್ನಿಂದ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಈ ಎರಡನೆಯ ಭಾಗಕ್ಕೆ ನಾನು ಏನು ಬರೆಯಬೇಕೋ ತಿಳಿಯುತ್ತಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ.

ನಂದಾ


ತಿಕೋಟಾ
20 ನವೆಂಬರ್ 2025

ನಂದಾ,

ನೀನು ಕೇಳಿಲ್ಲ. ಆದರೂ ಇದು ನಿನಗೆ ಗೊತ್ತಾಗಬೇಕು.

ದಾನೇಶ್ವರಿಗೆ ಹೊಸ ಕಾಗದ ಬಂತು. ವರ್ಷಕ್ಕೆ ಎಂಟೂವರೆ ಲಕ್ಷ, ಮೂರು ವರ್ಷ. ಏನು ನಡೆಯಿತೆಂದು ನಾನೇ ಅವಳಿಗೆ ಹೇಳಿದೆ, ನಿನ್ನ ಹೆಸರು ಹಿಡಿದೇ ಹೇಳಿದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

"ಅಕ್ಕಾರು ನನ್ನ ಇಪ್ಪತ್ತೆರಡೂ ಮ್ಯಾಚ ನೋಡ್ಯಾರೇನ್ರಿ ಮಾಸ್ತರ?"

"ನೋಡ್ಯಾಳ. ನೀ ಹೊರಗ ಕುಂತಿದ್ದೂ ಎಣಿಸ್ಯಾಳ" ಎಂದೆ.

"ನಮ್ಮ ಮನ್ಯಾಗ ಒಂದೂ ನೋಡಿಲ್ರಿ" ಎಂದಳು.

ಸಹಿಯ ಬಗ್ಗೆ ನನ್ನನ್ನು ಕೇಳಿದಳು. ಈ ಸಲ ನಾನು ಏನೂ ಹೇಳಲಿಲ್ಲ. ಎರಡು ದಿನ ತಾನೇ ವಿಚಾರ ಮಾಡಿ, ಮೂರು ವರ್ಷಕ್ಕೆ ಒಪ್ಪುವುದಿಲ್ಲ, ಒಂದೇ ವರ್ಷಕ್ಕೆ ಆಡುತ್ತೇನೆ ಎಂದು ಪುಣೆಗೆ ತಿಳಿಸಿದಳು. ಯಾಕೆ ಎಂದು ಅವರಪ್ಪ ಶಾಂತಪ್ಪ ಗಾಬರಿಯಾಗಿ ನನ್ನ ಹತ್ತಿರ ಓಡಿ ಬಂದ. ಅವಳು ಅವನ ಎದುರಿಗೇ ಹೇಳಿದಳು. "ಮೂರು ವರ್ಷ ಯಾಕ ಕಟ್ಟಿಸಿಕೊಳ್ಳಬೇಕ್ರಿ? ಹೋದ ವರ್ಷಕಿಂತ ಈ ವರ್ಷ ನನ್ನ ಆಟ ಏರೇತಿ. ಮುಂದಿನ ವರ್ಷ ಇನ್ನಷ್ಟ ಏರತೈತಿ. ಆವಾಗ ಮತ್ತ ಕೇಳೂಣ."

"ಕಾಲ ಮುರದ್ರ?" ಎಂದ ಶಾಂತಪ್ಪ.

"ಮುರದ್ರ ಮುರೀತು, ಯಪ್ಪಾ."

ಎಂಟು ಲಕ್ಷಕ್ಕೆ ಒಂದು ವರ್ಷ ಎಂದು ತಂಡದವರು ಒಪ್ಪಿದರು. ನಿನ್ನೆ ಸಹಿ ಹಾಕಿ ಹೋದಳು. ಸರಿಯೋ ತಪ್ಪೋ ನನಗೆ ತಿಳಿಯದು.

ಇನ್ನು ನಿನ್ನ ಎರಡನೆಯ ಭಾಗ. ಹೇಳಬೇಕೆಂದು ಬಹಳ ಸಲ ಬಾಯಿಗೆ ಬಂದಿತ್ತು ಎಂದರೆ ಅದೊಂದು ನೆಪ. ಬರಲಿಲ್ಲ. ನೀನು ಮೇಲೆ ಮೇಲೆ ಓದುತ್ತ ಹೋದಂತೆ, ನಾನು ಮಾಡಿದ್ದು ಸರಿಯೇ ಆಯಿತು ಎಂದು ನಂಬಿಕೊಂಡೆ.

ಬಸಗೊಂಡಪ್ಪ


ವಿಜಯಪುರ
14 ಡಿಸೆಂಬರ್ 2025

ಅಪ್ಪಾ,

ದಾನೇಶ್ವರಿಯ ವಯಸ್ಸಿನ ಆಟಗಾರ್ತಿಯರ ಅಂಕಿ ನೋಡಿದರೆ ಇನ್ನೂ ಮೂರು ನಾಲ್ಕು ವರ್ಷ ಆಟ ಏರುತ್ತದೆ. ಗಾಯದ ಸಂಭವವೂ ಇದ್ದೇ ಇದೆ. ನನ್ನನ್ನು ಕೇಳಿದ್ದರೆ ಮೂರು ವರ್ಷಕ್ಕೆ ಒಪ್ಪಿಕೋ ಎನ್ನುತ್ತಿದ್ದೆ. ಕೇಳಲಿಲ್ಲ, ಒಳ್ಳೆಯದಾಯಿತು.

ನಾನು ಹೋದ ಭಾನುವಾರ ಬಬಲೇಶ್ವರಕ್ಕೆ ಹೋಗಿದ್ದೆ, ಪರಸವ್ವನನ್ನು ನೋಡಲು. ಅವಳು ಅಲ್ಲೇ ಠಾಣೆಯಲ್ಲಿ ಎಎಸ್‌ಐ ಆಗಿದ್ದಾಳೆ. ಕ್ರೀಡಾ ಕೋಟಾದಲ್ಲಿ ಸಿಕ್ಕ ಕೆಲಸ. ಆ ಸಂಬಳದಲ್ಲಿ ಇಬ್ಬರು ತಮ್ಮಂದಿರನ್ನು ಓದಿಸಿ, ಒಂದು ಮನೆ ಕಟ್ಟಿಸಿದ್ದಾಳೆ. ನನ್ನನ್ನು ಕಂಡು ಗುರುತು ಹಿಡಿದು, ಕೈ ಹಿಡಿದು ಒಳಗೆ ಕರೆದೊಯ್ದಳು. ಅವಲಕ್ಕಿ ಮಾಡಿಕೊಟ್ಟಳು. ಗೋಡೆಯ ಮೇಲೆ ರಾಜ್ಯ ತಂಡದ ಫೋಟೊ ಇತ್ತು.

ನಾನು ಅವಳಿಗೆ ಎಲ್ಲ ಹೇಳಿದೆ. ಎಪ್ಪತ್ತೆಂಟು, ಎಪ್ಪತ್ತೊಂದು, ಐವತ್ತು. ಸತ್ಯ ಅವಳಿಗೂ ಗೊತ್ತಿರಲಿ ಎಂದುಕೊಂಡಿದ್ದೆ. ಅವಳು ತಟ್ಟೆ ಕೆಳಗಿಟ್ಟಳು.

"ಇದನ್ನ ನನಗ ಯಾಕ ಹೇಳಿದಿ ನಂದಾ?"

"ನಿನಗ ಗೊತ್ತಿರಬೇಕಂತ."

"ಯಾತಕ್ಕ ಬೇಕಿತ್ತು? ಇಪ್ಪತ್ತೈದು ವರ್ಷ ನಾ ಆಡಿ ಗೆದ್ದೇನಿ ಅಂದಕೊಂಡಿದ್ದೆ. ಕೋಟಾದಾಗ ಬಂದಾಕಿ ಅಂತ ಠಾಣೇದಾಗ ಮಂದಿ ಅಂದಾಗೆಲ್ಲಾ, ಹೌದಪ್ಪಾ ಆಡಿ ಬಂದೇನಿ ಅಂತ ಎದಿ ತಟ್ಟಿ ಹೇಳತಿದ್ದೆ. ಈಗ ನೀ ಬಂದು ಅದನ್ನ ಕಸಗೊಂಡಿ. ನಿನಗೇನ ಸಿಕ್ತು?"

ಅವಳು ಎದ್ದು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದಳು. "ಶಿಬಿರಕ್ಕ ಮೂವತ್ತ ಮಂದಿ ಬಂದಿದ್ರು. ಹದಿನೆಂಟ ಮಂದೀನ ಇಟಗೊಂಡ್ರು. ಅದರಾಗ ನಾ ಇದ್ದೆ. ನಾಕ ವರ್ಷ ಆಡೇನಿ. ಅದನ್ನ ನಿಮ್ಮಪ್ಪ ಕೊಟ್ಟಿಲ್ಲ" ಎಂದಳು.

"ಇಲ್ಲ" ಎಂದೆ.

ಅವಳು ಬಸ್ಸಿನ ತನಕ ಬರಲಿಲ್ಲ. ಬಾಗಿಲಲ್ಲೇ ನಿಂತಿದ್ದಳು.

ಅವಳ ಮಾತು ಸರಿ. ನಾನು ಅವಳಿಗಾಗಿ ಹೋಗಿರಲಿಲ್ಲ. ಅನ್ಯಾಯವಾಗಿದೆ ಎಂದು ಒಬ್ಬರ ಬಾಯಿಂದ ಕೇಳಬೇಕಾಗಿತ್ತು, ಅದಕ್ಕೆ ಹೋಗಿದ್ದೆ. ಕೇಳಿಸಿಕೊಳ್ಳಲು ತಪ್ಪು ಮನೆ ಆರಿಸಿದೆ.

ನಾನು ಹೋಗಿದ್ದರೆ ಏನಾಗುತ್ತಿತ್ತು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹದಿನೆಂಟರಲ್ಲಿ ಇರುತ್ತಿದ್ದೆನೋ ಇಲ್ಲವೋ. ಆಡದ ಪಂದ್ಯಕ್ಕೆ ಅಂಕಿ ಇರುವುದಿಲ್ಲ. ಕಾಲೇಜಿನ ಮಕ್ಕಳಿಗೆ ಇದನ್ನು ನಾನೇ ಕಲಿಸುತ್ತೇನೆ.

ನಂದಾ


ತಿಕೋಟಾ
29 ಡಿಸೆಂಬರ್ 2025

ನಂದಾ,

ನಿನ್ನ ಕಾಗದ ಓದಿದ ಮರುದಿನ ನಾನೂ ಬಬಲೇಶ್ವರಕ್ಕೆ ಹೋದೆ. ಹೋಗಬೇಕಾದವನು ನಾನು, ನೀನಲ್ಲ. ಅದೂ ಇಪ್ಪತ್ತೈದು ವರ್ಷದ ಹಿಂದೆ.

ಪರಸವ್ವ ಡ್ಯೂಟಿ ಮುಗಿಸಿ ಮನೆಗೆ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕೂತಿದ್ದೆ. ನೋಡಿದವಳೇ, "ಮಾಸ್ತರ, ಕ್ಷಮಾ ಕೇಳಾಕ ಬಂದಿದ್ರ ಹಂಗ ಹೊಳ್ಳಿ ಹೋಗ್ರಿ. ಆಟದ ಮಾತಾಡಾಕ ಬಂದಿದ್ರ ಒಳಗ ಬರ್ರಿ" ಎಂದಳು. ನನಗೆ ಪೂರ್ತಿ ಕೇಳಿಸಲಿಲ್ಲ. ಹತ್ತಿರ ಬಂದು ಮತ್ತೊಮ್ಮೆ ಹೇಳಿದಳು. ಒಳಗೆ ಹೋದೆ.

ಚಹಾ ಕೊಟ್ಟಳು. ಆಮೇಲೆ ಒಂದೇ ಮಾತು ಕೇಳಿದಳು.

"ನನಗ ಎಪ್ಪತ್ತೊಂದು ಹಾಕಿದ್ರಂತ. ಅದರಾಗ ಏನರ ಕೂಡಿಸಿ ಹಾಕಿದ್ರೇನ್ರಿ?"

"ಇಲ್ಲವ್ವಾ. ನಿನ್ನ ಅಂಕ ನಾ ಮುಟ್ಟಿಲ್ಲ. ಎಪ್ಪತ್ತೊಂದೂ ನಿಂದೇ."

ಬಹಳ ಹೊತ್ತು ನನ್ನ ಮುಖ ನೋಡಿದಳು. ಪೊಲೀಸರು ನೋಡುವ ಹಾಗೆ. "ಆತ ಬಿಡ್ರಿ" ಎಂದಳು. ಆಮೇಲೆ ನನ್ನ ಮೈದಾನದಲ್ಲಿ ಈಗ ಎಷ್ಟು ಹುಡುಗಿಯರು ಬರುತ್ತಾರೆ ಎಂದು ಕೇಳಿದಳು. ಹದಿನಾಲ್ಕು ಎಂದೆ. ನಿನ್ನ ಹೆಸರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮನೆಗೆ ಬಂದು ನಿನ್ನ ಅವ್ವನಿಗೂ ಹೇಳಿದೆ. ಅವಳು ಮೂರು ದಿನದಿಂದ ನನಗೆ ಊಟಕ್ಕೆ ಬಡಿಸುತ್ತಾಳೆ, ಮಾತಾಡುವುದಿಲ್ಲ.

ನಿನ್ನನ್ನು ಕ್ಷಮೆ ಕೇಳಬೇಕು ಎಂದು ಕೂತರೆ ಆ ಶಬ್ದ ಬರೆಯಲು ನಾಚಿಕೆಯಾಗುತ್ತದೆ. ತಪ್ಪು ಮಾಡಿದೆ ಎಂದು ಮಾತ್ರ ಬರೆಯುತ್ತೇನೆ. ಎರಡು ತಪ್ಪು. ಎರಡನೆಯದು ದೊಡ್ಡದು.

ನಿನ್ನ ಅಪ್ಪ


ವಿಜಯಪುರ
2 ಜನವರಿ 2026

ಅಪ್ಪಾ,

ನಿಮ್ಮ ಕಾಗದ ಮುಟ್ಟಿತು. ನೀವು ಬರೆದದ್ದನ್ನು ನಂಬುತ್ತೇನೆ.

ಆದರೆ ಇನ್ನು ಕಾಗದ ಬರೆಯುವುದು ನನ್ನಿಂದ ಆಗುವುದಿಲ್ಲ. ಕಾಗದದಲ್ಲಿ ನಾನು ಎಷ್ಟು ಸಿಟ್ಟಾದರೂ ಸಾಲು ನೆಟ್ಟಗೇ ಬರುತ್ತವೆ. ಹಿಂದಿನ ಕಾಗದಗಳನ್ನು ನೆನಪಿಸಿಕೊಂಡರೆ ಯಾರದೋ ವಿಷಯದಲ್ಲಿ ವರದಿ ಕೊಟ್ಟ ಹಾಗಿದೆ. ನಾನು ನಿಮ್ಮ ಜೊತೆ ಒಮ್ಮೆಯೂ ಜಗಳವಾಡಿಲ್ಲ. ಅಂದು ಬಸ್ಸಿನಲ್ಲೇ ಜಗಳವಾಡಬೇಕಾಗಿತ್ತು.

ಹನ್ನೊಂದನೇ ತಾರೀಖು ಭಾನುವಾರ ಮುಂಜಾನೆ ತಿಕೋಟಾಕ್ಕೆ ಬರುತ್ತೇನೆ. ಜಗಳಕ್ಕೇ ಬರುತ್ತೇನೆ. ಅವ್ವನಿಗೆ ಮೊದಲೇ ಹೇಳಿಡಿ, ನಡುವೆ ಬಂದು ಬಿಡಿಸಬಾರದು. ನೀವೂ ತಲೆ ತಗ್ಗಿಸಿ ಸುಮ್ಮನೆ ಕೂರಬೇಡಿ. ನಾನು ಹೇಳಿದ್ದರಲ್ಲಿ ಹೆಚ್ಚಾದದ್ದು ಇದ್ದರೆ ಹೆಚ್ಚಾಯಿತು ಎನ್ನಿ. ನಾನು ಅತ್ತರೂ ನಿಲ್ಲಿಸಬೇಡಿ.

ಒಂದೇ ದಿನಕ್ಕೆ ಮುಗಿಯುತ್ತದೆ ಎನಿಸುವುದಿಲ್ಲ. ಸೋಮವಾರಕ್ಕೂ ರಜೆ ಹಾಕಿದ್ದೇನೆ.

ನಿಮ್ಮ ಮಗಳು,
ನಂದಾ